ಹೊಲಿಗೆ ಕಾಣದ ದನಿ

ನಮ್ಮ ಭಾವ ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಮಾಡುವ ಕೆಲಸವೆಂದರೆ ಚಪ್ಪಾಳೆ ತಟ್ಟುವುದು. ಒಂದೇ ಒಂದು ಸಲ, ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ತಂದು ‘ಟಪ್’ ಎಂದು ಬಡಿದು, ತಲೆಯನ್ನು ಬಲಕ್ಕೆ ವಾಲಿಸಿ ಎಡಗಿವಿಯನ್ನು ಮೇಲೆತ್ತಿ, ಆ ಸದ್ದು ಗೋಡೆಗೆ ಹೋಗಿ ಮರಳಿ ಬರುವ ತನಕ ಉಸಿರು ಹಿಡಿದು ನಿಲ್ಲುತ್ತಾರೆ. ಕುಶಲ, ಕುರ್ಚಿ, ನೀರು, ಮಾತು ಎಲ್ಲ ಆಮೇಲೆ. ಬ್ಯಾಂಕಿನಲ್ಲಿ ತಟ್ಟಿದ್ದಾರೆ, ರೈಲು ನಿಲ್ದಾಣದಲ್ಲಿ ತಟ್ಟಿದ್ದಾರೆ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಮಲಗುವುದಕ್ಕೆ ಮುಂಚೆ ತಟ್ಟಿದ್ದಾರೆ. ನನ್ನ ಮೇಲಧಿಕಾರಿಯ ತಾಯಿ ತೀರಿಕೊಂಡಾಗ, ಮಾತನಾಡಿಸಿ ಬರೋಣವೆಂದು ಇವರನ್ನೂ ಜೊತೆಗೆ ಕರೆದೊಯ್ದ ನನ್ನ ಬುದ್ಧಿಗೆ ಏನು ಹೇಳಲಿ! ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದ ಆ ಹಜಾರದ ಹೊಸ್ತಿಲಲ್ಲಿ ನಿಂತು ‘ಟಪ್’ ಎನ್ನಿಸಿಯೇಬಿಟ್ಟರು. ಇಪ್ಪತ್ತು ತಲೆಗಳು ಒಮ್ಮೆಗೇ ಮೇಲೆದ್ದವು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು ನನಗೆ. ಭಾವ ಮಾತ್ರ ನನ್ನ ಕಿವಿಯ ಬಳಿ ಬಗ್ಗಿ, “ಒಳ್ಳೇ ಹಾಲ್ ಕಣಯ್ಯಾ, ಇನ್ನೊಂದು ಪರದೆ ಹಾಕಿದ್ರೆ ಗುಂಯ್ ಅನ್ನೋದೂ ನಿಲ್ಲುತ್ತೆ” ಎಂದರು.

ಅವರು ನನ್ನ ಅಕ್ಕನ ಗಂಡ. ಪತ್ರಿಕೆಯೊಂದರ ಮುದ್ರಣಾಲಯದಲ್ಲಿ, ಎರಡಾಳೆತ್ತರದ ಯಂತ್ರದ ಪಕ್ಕ ಮೂವತ್ತೊಂದು ವರ್ಷ ನಿಂತು, ಅದರ ಅಬ್ಬರವನ್ನು ಗಾಳಿ ಬೆಳಕಿನಷ್ಟೇ ಸಹಜವೆಂದು ಬಗೆದು, ಐದು ವರ್ಷದ ಹಿಂದೆ ನಿವೃತ್ತರಾದವರು. ಸಣಕಲು ಆಳು. ನಡಿಗೆಯಲ್ಲೂ ಎಡಗಿವಿಯೇ ಮುಂದು, ಮೂಗು ಅದರ ಹಿಂದೆ. ಬೀದಿಯಲ್ಲಿ ಅವರು ಬರುವುದನ್ನು ನೋಡಿದವರಿಗೆ, ಈ ಮನುಷ್ಯ ಯಾರದೋ ಮನೆಯ ಗುಟ್ಟನ್ನು ಕದ್ದು ಕೇಳುತ್ತ ಬರುತ್ತಿದ್ದಾನೆ ಎನ್ನಿಸದೆ ಇರದು. ಮೈಮೇಲೆ ಮುದ್ರಣಾಲಯದವರೇ ಕೊಟ್ಟಿದ್ದ ನೀಲಿ ಕೋಟು, ಬಲಗೈ ತೋಳಿನ ಮೇಲೆ ಯಾವ ಸಾಬೂನಿಗೂ ಜಗ್ಗದ ಮಸಿಯ ಕಲೆ. ಆ ಕೋಟಿನ ಎಡಜೇಬಿನಲ್ಲಿ ರೇಡಿಯೋ, ಸ್ಪೀಕರಿಗೆ ಹಾಕುವ ಕೆಪಾಸಿಟರುಗಳು, ಬಲಜೇಬಿನಲ್ಲಿ ತಾಮ್ರದ ತಂತಿಯ ಸುರುಳಿಗಳು. ಎರಡೂ ಯಾವತ್ತೂ ಬೆರೆಯಕೂಡದು. ಒಮ್ಮೆ ಅಕ್ಕ ಜೇಬು ನೋಡದೆ ಕೋಟನ್ನು ಒಗೆಯಲು ಹಾಕಿ, ಮೂರು ಕೆಪಾಸಿಟರುಗಳು ಬಟ್ಟೆಯ ಜೊತೆ ಮಿಂದು ಮಡಿಯಾಗಿ ಹೊರಬಂದವು. ಭಾವ ಕೂಗಾಡಲಿಲ್ಲ. ಅವನ್ನು ಎರಡು ದಿನ ಬಿಸಿಲಿನಲ್ಲಿ ಒಣಗಿಸಿ, ಮೀಟರ್ ಹಚ್ಚಿ ನೋಡಿ, ಎರಡು ಪಾಸಾದವು ಎಂದು ಸಂಭ್ರಮದಿಂದ ಫೋನ್ ಮಾಡಿ ನನಗೆ ತಿಳಿಸಿದರು.

ಇನ್ನು ಆ ಪೆಟ್ಟಿಗೆಯ ವಿಷಯ. ಅವರ ಮನೆಯ ಮುಂಗೋಣೆಯಲ್ಲಿ ಸೊಂಟದೆತ್ತರದ ಮರದ ಸ್ಪೀಕರ್ ಪೆಟ್ಟಿಗೆಯೊಂದು ನಿಂತು ಹನ್ನೊಂದು ವರ್ಷವಾಯಿತು. ಭಾವನೇ ಕೊಯ್ದು, ಭಾವನೇ ಅಂಟು ಹಾಕಿ, ಭಾವನೇ ಉಜ್ಜಿ ಹೊಳಪು ತಂದದ್ದು. ಒಂದೇ ಪೆಟ್ಟಿಗೆ, ಅದರ ಜೋಡಿ ಯಾವಾಗ ಎಂದರೆ, “ಮೊದ್ಲು ಇದು ಸರಿ ಹೋಗ್ಲಿ” ಎನ್ನುವರು. ಅದರ ಎದೆಯ ಮೇಲೆ ಮೂರು ಸ್ಪೀಕರುಗಳು: ಕೆಳಗೆ ಊಟದ ತಟ್ಟೆಯಗಲದ್ದು, ನಡುವೆ ಅಂಗೈಯಗಲದ್ದು, ಮೇಲೆ ಕೋಟಿನ ಗುಂಡಿಗಿಂತ ತುಸುವೇ ದೊಡ್ಡದು. ಅವರ ಬಾಯಲ್ಲಿ ಇವು ಕ್ರಮವಾಗಿ ದೊಡ್ಡಪ್ಪ, ಚಿಕ್ಕಮ್ಮ, ಪುಟ್ಟಿ. ಹಾಡು ತಂತಿಯೊಳಗೆ ಒಟ್ಟು ಕುಟುಂಬವಾಗಿಯೇ ಬರುತ್ತದೆ. ಅದನ್ನು ಪಾಲು ಮಾಡಿ, ದಪ್ಪ ದನಿಯನ್ನು ದೊಡ್ಡಪ್ಪನಿಗೂ ಮನುಷ್ಯರ ಮಾತುಕತೆಯನ್ನು ಚಿಕ್ಕಮ್ಮನಿಗೂ ಕಿಣಿಕಿಣಿಯನ್ನು ಪುಟ್ಟಿಗೂ ತಲುಪಿಸಬೇಕು. ಹಾಗೆ ಪಾಲು ಮಾಡುವ ಸುರುಳಿ, ಕೆಪಾಸಿಟರ್, ರೆಸಿಸ್ಟರುಗಳ ಪುಟ್ಟ ಸಂಸಾರಕ್ಕೆ ಕ್ರಾಸ್‌ಓವರ್ ಎಂದು ಹೆಸರು. ನಾನು ಇಷ್ಟನ್ನು ಕಲಿತದ್ದೇ ನಾಲ್ಕು ವರ್ಷದಲ್ಲಿ. “ದೊಡ್ಡಪ್ಪನಿಗೆ ಕೀರಲು ದನಿ ಕೊಟ್ರೆ ಗೊಗ್ಗರಾಗ್ತಾನೆ, ಪುಟ್ಟಿಗೆ ದಪ್ಪ ದನಿ ಕೊಟ್ರೆ ಪಾಪ ಸುಟ್ಟೇ ಹೋಗ್ತಾಳೆ. ಯಾರಿಗೆ ಏನು ಕೊಡಬಾರ್ದು ಅಂತ ಗೊತ್ತಿರೋದೇ ವಿದ್ಯೆ ಕಣಯ್ಯಾ” ಎಂಬುದು ಅವರ ಸಿದ್ಧಾಂತ. ಹೀಗಾಗಿ ‘ಅದು ಅವನ ಕೆಲಸ ಅಲ್ಲ’ ಎಂಬ ಮಾತು ಅವರ ನಾಲಿಗೆಗೆ ಅಂಟಿಕೊಂಡುಬಿಟ್ಟಿದೆ. ಗುಮಾಸ್ತೆ ಭಾಷಣ ಮಾಡಿದರೂ ಅದೇ, ಬೆಕ್ಕು ಬೊಗಳಿದಂತೆ ಕೂಗಿದರೂ ಅದೇ. ನಾನೊಮ್ಮೆ ಅವರ ಮನೆಯಲ್ಲಿ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದಾಗ, ತಲೆಯೆತ್ತಿಯೂ ನೋಡದೆ, “ಅದು ನಿನ್ನ ಕೆಲಸ ಅಲ್ಲ” ಎಂದರು. ಮರುಗಳಿಗೆ ಹೆಬ್ಬೆರಳು ಜಜ್ಜಿಕೊಂಡೆ.

ಈ ಕ್ರಾಸ್‌ಓವರ್ ಪೆಟ್ಟಿಗೆಯ ಹೊಟ್ಟೆಯೊಳಗೆ ಕೂರಬೇಕಾದದ್ದು. ಆದರೆ ಅದು ಇನ್ನೂ ಸರಿಹೋಗಿಲ್ಲವಾದ್ದರಿಂದ, ‘ಸದ್ಯಕ್ಕೆ’ ಎಂದು ಹೇಳಿ, ಅಕ್ಕನ ತರಕಾರಿ ಹೆಚ್ಚುವ ಹಲಗೆಯನ್ನು ಎತ್ತಿಕೊಂಡು ಹೋಗಿ, ಅದರ ಮೇಲೆ ಎಲ್ಲವನ್ನೂ ಕ್ಲಿಪ್ಪು ಹಾಕಿ ಕೂರಿಸಿ, ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಇಟ್ಟರು. ಆ ಸದ್ಯಕ್ಕೂ ಹನ್ನೊಂದು ವರ್ಷವೇ. ಪೆಟ್ಟಿಗೆಯ ಹಿಂಬದಿಯ ಹಲಗೆಗೆ ಹದಿನಾರು ತೂತುಗಳಿವೆ. ಅದರಲ್ಲಿ ನಾಲ್ಕಕ್ಕೆ ಮಾತ್ರ ಸ್ಕ್ರೂ. ಉಳಿದ ಹನ್ನೆರಡು ಸ್ಕ್ರೂಗಳು ಒಂದು ಪುಟ್ಟ ಡಬ್ಬಿಯಲ್ಲಿ, ಕಿಟಕಿಯ ಮೇಲೆ. ಸರಿಯಾಗಿದೆ ಎಂದು ತಮ್ಮ ಕಿವಿ ಒಪ್ಪಿದ ದಿನ ಮಾತ್ರ ಅವನ್ನು ತಿರುಗಿಸುವುದು ಎಂದು ಭಾವ ಪಣ ತೊಟ್ಟಿದ್ದರು. ಬದುಕಿನಲ್ಲಿ ಅವರಿಗೆ ಬೇರೆ ಆಸೆ ಇದ್ದದ್ದನ್ನು ನಾನು ಕಾಣೆ. ಮನೆ ದೊಡ್ಡದಾಗಲಿ ಎಂದಿಲ್ಲ, ಹೆಸರು ಬರಲಿ ಎಂದಿಲ್ಲ. ಆ ಹನ್ನೆರಡು ಸ್ಕ್ರೂ ಒಳಗೆ ಹೋಗಲಿ, ಅಷ್ಟೇ.

ಅದಕ್ಕಾಗಿ ಅವರು ಪಟ್ಟ ಪಾಡೇನು ಕಡಿಮೆಯೇ? ಸುರುಳಿಗಳನ್ನು ಅಂಗಡಿಯಿಂದ ತಂದರೆ ಜಾತಿ ಕೆಡುತ್ತದೆಂದು, ಅಕ್ಕನ ಖಾಲಿ ದಾರದ ರೀಲುಗಳ ಮೇಲೆ ಸ್ವತಃ ತಂತಿ ಸುತ್ತುತ್ತಾರೆ. ಸುತ್ತುಗಳನ್ನು ಎಣಿಸುವಾಗ ಮನೆಯಲ್ಲಿ ಯಾರೂ ಅಂಕಿ ಉಚ್ಚರಿಸಕೂಡದು. ನಾನು ಒಂದು ಸಲ ಬಾಗಿಲಲ್ಲೇ, “ಭಾವ, ಗಂಟೆ ಎಷ್ಟು?” ಎಂದೆ. “ನಾಲ್ಕೂವರೆ” ಎಂದವರು, ಮುಖ ಸಪ್ಪೆ ಮಾಡಿಕೊಂಡು, ನೂರ ಅರವತ್ತಕ್ಕೂ ಮೀರಿ ಸುತ್ತಿದ್ದನ್ನು ಪೂರ್ತಿ ಬಿಚ್ಚಿ ಒಂದರಿಂದ ಶುರು ಮಾಡಿದರು. ಎರಡು ಸುರುಳಿಗಳು ಎದುರುಬದುರು ಕೂತರೆ ಒಬ್ಬರ ಮಾತನ್ನೊಬ್ಬರು ಕದಿಯುತ್ತಾರಂತೆ. ಆದ್ದರಿಂದ ಒಂದು ಮಲಗಿದರೆ ಇನ್ನೊಂದು ನಿಲ್ಲಬೇಕು. ಈ ನ್ಯಾಯವನ್ನು ಅವರು ನೆಂಟರಿಗೂ ಹಚ್ಚಿದ್ದಾರೆ. ಮಾತು ಬಿಟ್ಟಿದ್ದ ನನ್ನ ಇಬ್ಬರು ಚಿಕ್ಕಪ್ಪಂದಿರು ಒಮ್ಮೆ ಅವರ ಮನೆಯಲ್ಲಿ ಒಟ್ಟಿಗೆ ಸಿಕ್ಕಿಬಿದ್ದಾಗ, ಒಬ್ಬರನ್ನು ಗೋಡೆಯ ಕಡೆ, ಇನ್ನೊಬ್ಬರನ್ನು ಕಿಟಕಿಯ ಕಡೆ ಮುಖ ಮಾಡಿಸಿ ಕೂರಿಸಿದರು. ಜಗಳವೇನೋ ಆಗಲಿಲ್ಲ, ಊಟ ಮುಗಿಯುವ ಹೊತ್ತಿಗೆ ಇಬ್ಬರಿಗೂ ಕತ್ತು ಉಳುಕಿತ್ತು.

ಪರೀಕ್ಷೆಗೆಂದು ಒಂದೇ ಹಾಡು. ಯಾರೋ ಹೆಂಗಸು, ಹಿನ್ನೆಲೆಯಲ್ಲಿ ಅಷ್ಟೇನೂ ವಾದ್ಯಗಳಿಲ್ಲದೆ, ನಾಲ್ಕು ನಿಮಿಷ ಹಾಡುತ್ತಾಳೆ. ಹನ್ನೊಂದು ವರ್ಷದಿಂದ ಅವಳೂ ಆ ಮನೆಯ ಸದಸ್ಯೆಯೇ. ಅಕ್ಕ ಅವಳನ್ನು ‘ಹಾಡೋವಳು’ ಎಂದೇ ಕರೆಯುವುದು. ಕೇಳಲು ಒಂದು ಕುರ್ಚಿ. ಅದರ ನಾಲ್ಕು ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದ ಗೆರೆ. ಗುಡಿಸುವಾಗ ಕುರ್ಚಿ ಅರ್ಧ ಅಂಗುಲ ಸರಿದಿದ್ದರೂ ಭಾವನಿಗೆ ಗೊತ್ತಾಗಿಬಿಡುತ್ತಿತ್ತು. ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, “ಹೇಗಿದೆ?” ಎಂದು ಕೇಳಿದ್ದುಂಟು. ನಾನು “ಚೆನ್ನಾಗಿದೆ” ಎಂದೆ. ಇನ್ನೇನನ್ನೋ ಬದಲಿಸಿ ಮತ್ತೆ ಕೇಳಿದರು. “ಇದೂ ಚೆನ್ನಾಗಿದೆ” ಎಂದೆ. ನನ್ನದು ತಗಡಿನ ಕಿವಿ ಎಂದು ಅವತ್ತೇ ತೀರ್ಮಾನವಾಯಿತು.

ಅಕ್ಕನನ್ನು ಮಾತ್ರ ಆ ಕುರ್ಚಿಯಲ್ಲಿ ಅವರು ಕೂರಿಸಿದ್ದೇ ಇಲ್ಲ. ಅವಳು ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ. ಬೀದಿಯ ಅರ್ಧ ಜನರ ಬಟ್ಟೆ ಅವಳ ಕೈಯಲ್ಲೇ ಸಣ್ಣದು ದೊಡ್ಡದಾಗುವುದು. “ಸ್ವಲ್ಪ ಮಷಿನ್ ನಿಲ್ಸು” ಎಂದು ಭಾವ ದಿನಕ್ಕೆ ಹತ್ತು ಸಲ ಕೂಗುವರು, ಅವಳು ಹತ್ತು ಸಲವೂ ಕಾಲು ತೆಗೆಯುವಳು. ಮದುವೆಯಾದ ಹೊಸತರಲ್ಲಿ ಯಾವುದೋ ರೇಡಿಯೋವನ್ನು ಅವಳಿಗೆ ಕೇಳಿಸಿ ಅಭಿಪ್ರಾಯ ಕೇಳಿದ್ದರಂತೆ. ಅವಳು, “ಸದ್ದಿನಲ್ಲಿ ಎಲ್ಲೋ ಸುಕ್ಕು ಬಿದ್ದಿದೆ” ಎಂದಳಂತೆ. ಸದ್ದಿಗೆ ಸುಕ್ಕೇ! ಭಾವ ಹೊಟ್ಟೆ ಹುಣ್ಣಾಗುವಂತೆ ನಕ್ಕು, “ನಿನಗೆ ಕಿವಿ ಇಲ್ಲ ಬಿಡು” ಎಂದರು. ಅವಳು ಬಿಟ್ಟಳು. ಮೂವತ್ತು ವರ್ಷ ಆ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಳು.

ಎರಡು ವರ್ಷದ ಹಿಂದೆ ಒಂದು ವಿಚಿತ್ರ ಶುರುವಾಯಿತು. ಹೋದಾಗಲೆಲ್ಲ ಭಾವ, “ಪುಟ್ಟಿ ಯಾಕೋ ಮಂಕಾಗಿದ್ದಾಳೆ ಕಣಯ್ಯಾ” ಎಂದು ಗೊಣಗುವರು. ಪುಟ್ಟಿಯ ದನಿಯನ್ನು ಅಂಕೆಯಲ್ಲಿಡುವ ರೆಸಿಸ್ಟರನ್ನು ಕಿತ್ತು ಅದಕ್ಕಿಂತ ಕಡಿಮೆಯದನ್ನು ಹಾಕುವರು. ಪುಟ್ಟಿ ಇನ್ನಷ್ಟು ಗಟ್ಟಿಯಾಗಿ ಕೂಗುವಳು. ತಿಂಗಳು ಕಳೆದರೆ ಮತ್ತೆ ಮಂಕು, ಮತ್ತೆ ಬದಲು. ತಗಡಿನ ಕಿವಿಯ ನನಗೇ ಆ ಹಾಡು ಸೂಜಿಯಂತೆ ಚುಚ್ಚತೊಡಗಿತು. ಮೊದಲೆಲ್ಲ ಸಂಜೆ ಬಂದು ಕುಳಿತು ಕೇಳುತ್ತಿದ್ದ ಮಹಡಿ ಮನೆಯ ಮೇಷ್ಟ್ರು, ಹಾಲು ಒಲೆಯ ಮೇಲಿದೆ ಎಂಬ ಒಂದೇ ನೆಪವನ್ನು ನಾಲ್ಕು ಸಲ ಹೇಳಿ, ಐದನೆಯ ಸಲದಿಂದ ಬರುವುದನ್ನೇ ಬಿಟ್ಟರು. ಭಾವ ಕೆಪಾಸಿಟರನ್ನು ಬೈದರು, ತಂತಿಯನ್ನು ಬೈದರು, ಹವೆಯನ್ನೂ ಬೈದರು. ಆ ದಿನಗಳಲ್ಲೇ ಅಕ್ಕನ ಎರಡು ಕಿವಿಯಲ್ಲೂ ಹತ್ತಿಯನ್ನು ಕಂಡೆ. “ನೆಗಡಿಯೇನೆ?” ಎಂದದ್ದಕ್ಕೆ, “ಹೂಂ, ನೆಗಡಿ” ಎಂದಳು. ಮೂರು ತಿಂಗಳಾದರೂ ವಾಸಿಯಾಗದ ಆ ನೆಗಡಿಯ ಬಗ್ಗೆ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಏನು ಮಾಡುವುದು!

ಒಂದು ಭಾನುವಾರ ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಆ ಗುಟ್ಟು ಒಡೆಯಿತು. ಭಾವ ಅವತ್ತು ಒಂದು ಪರೀಕ್ಷೆಗೆ ಕೈಹಾಕಿದ್ದರು. ಚಿಕ್ಕಮ್ಮನ ಪಾಲು ಮುಗಿದು ಪುಟ್ಟಿಯ ಪಾಲು ಶುರುವಾಗುವ ಗಡಿಯಲ್ಲಿ ಇಬ್ಬರೂ ಸ್ವಲ್ಪ ದೂರ ಒಟ್ಟಿಗೆ ಹೆಜ್ಜೆ ಹಾಕಬೇಕು. ಹೆಜ್ಜೆ ಕೂಡಿದೆಯೇ ಎಂದು ತಿಳಿಯಲು ಪುಟ್ಟಿಯ ಎರಡು ತಂತಿಗಳನ್ನು ಬೇಕೆಂದೇ ಅದಲುಬದಲು ಮಾಡುತ್ತಾರೆ. ಆಗ ಒಬ್ಬರು ಮುಂದಿಟ್ಟಾಗ ಇನ್ನೊಬ್ಬರು ಹಿಂದಿಡುತ್ತಾರೆ. ಗಡಿಯ ಸ್ವರಗಳು ಒಂದನ್ನೊಂದು ಅಳಿಸಿಹಾಕಿ, ಹಾಡುವವಳ ದನಿ ಕುಸಿಯುತ್ತದೆ. ಎಷ್ಟು ಆಳಕ್ಕೆ ಕುಸಿಯುತ್ತದೋ, ತಂತಿಯನ್ನು ಸರಿಯಾಗಿ ಕಟ್ಟಿದಾಗ ಹೊಂದಿಕೆ ಅಷ್ಟು ಚೆನ್ನಾಗಿರುತ್ತದೆಯಂತೆ. ಭಾವ ಅದಲುಬದಲು ಮಾಡಿ, ಕುರ್ಚಿಯಲ್ಲಿ ಕುಳಿತು, ಎಡಗಿವಿ ಮುಂದೊಡ್ಡಿದರು. ಹುಬ್ಬು ಗಂಟಿಕ್ಕಿತು. ಎದ್ದುಹೋಗಿ ತಂತಿ ಬದಲಿಸಿ ಬಂದು ಕುಳಿತರು. ಮತ್ತೆ ಎದ್ದರು. ಮತ್ತೆ ಕುಳಿತರು. “ಏನೂ ವ್ಯತ್ಯಾಸ ಇಲ್ವಲ್ಲಯ್ಯಾ, ಕ್ಲಿಪ್ಪೇ ಸತ್ತಿದೆಯೋ ಏನೋ” ಎಂದು ಹೇಳುವಷ್ಟರಲ್ಲಿ, ಒಳಗಿನಿಂದ ಯಂತ್ರದ ಸದ್ದು ನಿಂತು, ಅಕ್ಕನ ದನಿ ಕೇಳಿತು.

“ಏನ್ರೀ ಅದು, ಹಾಡೋವಳನ್ನ ಒಂದ್ಸಲ ಹಿತ್ತಲಿಗೆ ಕಳಿಸ್ತೀರಿ, ಒಂದ್ಸಲ ಮುಂದಕ್ಕೆ ಕರೀತೀರಿ? ಎಲ್ಲಾದ್ರೂ ಒಂದು ಕಡೆ ನಿಲ್ಲಿಸ್ರೀ ಪಾಪ!”

ಭಾವ ಮೆಲ್ಲನೆ ಎದ್ದು ಒಳಬಾಗಿಲಿಗೆ ಹೋಗಿ ನಿಂತರು. “ನಿನಗೆ ಗೊತ್ತಾಗುತ್ತಾ?”

“ಗೊತ್ತಾಗದೆ ಏನು? ಹತ್ತಿ ಇಟ್ಕೊಂಡಿದ್ರೂ ಗೊತ್ತಾಗುತ್ತೆ” ಎಂದ ಅಕ್ಕ ತಟ್ಟನೆ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಹೊರಬಿದ್ದಾಗಿತ್ತು. ಭಾವ ಅವಳ ಕಿವಿಯತ್ತ ಬಗ್ಗಿ ನೋಡಿದರು. ಹತ್ತಿಯ ತುಣುಕನ್ನು ಎರಡೇ ಬೆರಳಿನಿಂದ, ಹೆದರಿ ಹೆದರಿ ಹೊರತೆಗೆದು, ಅಂಗೈಯಲ್ಲಿಟ್ಟುಕೊಂಡರು. ಮಂಕಾದದ್ದು ಪುಟ್ಟಿಯಲ್ಲವೆಂದು ಆ ಕ್ಷಣ ನಮಗೆ ಮೂವರಿಗೂ ತಿಳಿದುಹೋಯಿತು.

ಭಾವನನ್ನು ಕಿವಿಯ ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. ಪರೀಕ್ಷೆಯ ಕೋಣೆಗೆ ಹೋಗುತ್ತಲೇ ಭಾವ ಚಪ್ಪಾಳೆ ತಟ್ಟಿದರು. ಸುತ್ತಲೂ ದಪ್ಪ ಸ್ಪಂಜು ಹೊದಿಸಿದ್ದ ಆ ಕೋಣೆ ಏನನ್ನೂ ಮರಳಿಸಲಿಲ್ಲ. ಒಂದು ಗಂಟೆಯ ಮೇಲೆ ಡಾಕ್ಟರು ಗೆರೆ ಎಳೆದ ಕಾಗದವನ್ನು ಮುಂದಿಟ್ಟು ವಿವರಿಸಲು ಬಾಯ್ತೆರೆದರು. ಭಾವ ಅವರನ್ನು ಕೈಯೆತ್ತಿ ತಡೆದರು. ಇಂಥ ಗೆರೆಗಳನ್ನು ಓದುವುದೇ ಅವರ ಹನ್ನೊಂದು ವರ್ಷದ ಕಸುಬಾಗಿತ್ತಲ್ಲ! “ಇಲ್ಲೀವರೆಗೆ ನೆಟ್ಟಗಿದೆ. ಎರಡೂವರೆ ಸಾವಿರ ಕಂಪನದ ಹತ್ತಿರ ಇಳಿಯೋಕೆ ಶುರು. ನಾಲ್ಕು ಸಾವಿರಕ್ಕೆ ಗುಂಡಿ. ಮಷಿನ್ ಪಕ್ಕ ನಿಂತವರಿಗೆಲ್ಲ ಹೀಗೇ ಅಲ್ವಾ ಡಾಕ್ಟ್ರೇ?” ಡಾಕ್ಟರು ಹೌದೆಂದು ತಲೆಯಾಡಿಸಿದರು. “ಇದಕ್ಕೆ ಕೆಪಾಸಿಟರ್ ಹಾಕೋಕಾಗಲ್ಲ” ಎಂದು ಕಾಗದವನ್ನು ನಾಲ್ಕಾಗಿ ಮಡಚಿ ಎಡಜೇಬಿಗೆ, ಕೆಪಾಸಿಟರುಗಳ ಜೊತೆ ಸೇರಿಸಿದರು. ಕಿವಿಗೆ ಹಾಕಿಕೊಳ್ಳುವ ಯಂತ್ರದ ಮಾತು ಬಂತು. ಮಾತು ಕೇಳಲು ಅದು ಸಾಕು, ಪೆಟ್ಟಿಗೆಯ ದನಿ ತೂಗಲು ಸಾಲದು ಎಂದು ಭಾವನೇ ಹೇಳಿದರು. ದಾರಿಯುದ್ದಕ್ಕೂ ನೆಟ್ಟಗೆ ನಡೆದರು, ಎಡಗಿವಿ ಮುಂದೆ ಮಾಡದೆ. ಅದನ್ನು ನೋಡಿ ನನಗೆ ಅಳು ಬಂತು.

ಆಮೇಲಿನ ಒಂದು ತಿಂಗಳು ಆ ಮನೆಯಲ್ಲಿ ಹಾಡಿಲ್ಲ. ಪೆಟ್ಟಿಗೆಯ ಮೇಲೆ ಹಳೆಯ ಹಾಸಿಗೆ ಹೊದಿಕೆ. ಕೋಟು ಮೊಳೆಯ ಮೇಲೆ. ಭಾವ ಕಿಟಕಿಯ ಬಳಿ ಕೈಚೆಲ್ಲಿ ಕೂತು, ಸ್ಕ್ರೂ ಡಬ್ಬಿಯನ್ನು ಅಲ್ಲಾಡಿಸುವುದು, ಇಡುವುದು. ನಾನು ಸಮಾಧಾನ ಹೇಳಲು ಹೋದರೆ, “ಇನ್ಮೇಲೆ ಅದು ನನ್ನ ಕೆಲಸ ಅಲ್ಲ” ಎಂದರು. ಅವರದೇ ಮಾತು ಅವರ ಕುತ್ತಿಗೆಗೇ ಬಂದಿತ್ತು. ನಾನು ಏನು ಹೇಳಬಲ್ಲೆ?

ಹೇಳಿದವಳು ಅಕ್ಕ. ಹೇಳಿದಳೆಂದರೆ, ಉಪದೇಶವನ್ನೇನೂ ಮಾಡಲಿಲ್ಲ. ಒಂದು ಬೆಳಿಗ್ಗೆ ಯಂತ್ರ ನಿಲ್ಲಿಸಿ ಎದ್ದುಬಂದು, ಹೊದಿಕೆ ಎಳೆದುಹಾಕಿ, ಸೀಮೆಸುಣ್ಣದ ಗೆರೆಯೊಳಗಿನ ಆ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು. “ಹಾಕಿ ಆ ಹಾಡೋವಳನ್ನ” ಎಂದಳು. ಭಾವ ಅಲುಗಲಿಲ್ಲ. “ನನಗೆ ಕಿವಿ ಇಲ್ಲ ಅಂತ ಮೂವತ್ತು ವರ್ಷದ ಹಿಂದೆ ಹೇಳಿದ್ರಿ. ಇರಲಿ. ಹೊಲಿಗೆ ಗೊತ್ತು ನನಗೆ. ಎರಡು ಬಟ್ಟೆ ಕೂಡಿಸಿದ ಕಡೆ ಎಳೆದಿದ್ರೆ ಗೊತ್ತಾಗುತ್ತೆ, ಸುಕ್ಕಿದ್ರೆ ಗೊತ್ತಾಗುತ್ತೆ. ನಿಮ್ಮ ಚಿಕ್ಕಮ್ಮನಿಗೂ ಪುಟ್ಟಿಗೂ ನಡುವೆ ಹೊಲಿಗೆ ಎದ್ದು ಕಾಣ್ತಿದೆ. ಬಿಚ್ಚಿ, ನಾನು ಹೇಳ್ತೀನಿ.”

ಭಾವ ಎದ್ದು ಕೋಟು ಹಾಕಿಕೊಂಡರು.

ಆರು ವಾರ ನಡೆಯಿತು ಆ ಕೆಲಸ. ಒಂದೆರಡು ಸಲ ಹೋಗಿ ಬೆರಗಿನಿಂದ ನೋಡಿದ್ದೇನೆ. ನೆಲದ ಮೇಲೆ ಕುಳಿತ ಗಂಡ ಒಂದು ರೆಸಿಸ್ಟರನ್ನು ಕ್ಲಿಪ್ಪಿಗೆ ಸಿಕ್ಕಿಸಿ, ತಲೆಯೆತ್ತಿ ಕುರ್ಚಿಯಲ್ಲಿದ್ದ ಹೆಂಡತಿಯ ಮುಖವನ್ನು ನೋಡುತ್ತಾರೆ. ಹಿಂದೆ ಮೀಟರಿನ ಮುಳ್ಳನ್ನು ನೋಡುತ್ತಿದ್ದುದು ಇದೇ ಕಣ್ಣುಗಳಿಂದ. “ಇನ್ನೂ ಚುಚ್ಚುತ್ತೆ.” ಬೇರೊಂದು. “ಚುಚ್ಚಲ್ಲ, ಆದ್ರೆ ಮುಸುಕು ಹಾಕ್ಕೊಂಡು ಹಾಡಿದ ಹಾಗಿದೆ.” ಇನ್ನೊಂದು. “ಹೂಂ… ಇಲ್ಲ, ಬಲಗಡೆ ಸ್ವಲ್ಪ ಎಳೀತಿದೆ.” ಸದ್ದಿಗೆ ಬಲಗಡೆ ಎಲ್ಲಿಂದ ಬಂತು ಎಂದು ಭಾವ ಈ ಸಲ ನಗಲಿಲ್ಲ. ಅವಳ ಮಾತನ್ನು ತಮ್ಮ ಲೆಕ್ಕಕ್ಕೆ ತಿರುಗಿಸಿಕೊಂಡು, ಯಾವುದೋ ಸುರುಳಿಯ ಆರು ಸುತ್ತು ಬಿಚ್ಚಿದರು. ನಡುವೆ ಜಗಳವೂ ಆಯಿತೆನ್ನಿ. ಅವಳು ಒಂದೇ ರೆಸಿಸ್ಟರನ್ನು ಒಂದು ದಿನ ಬೇಡವೆಂದು ಮರುದಿನ ಬೇಕೆಂದಾಗ, ಭಾವನ ಪಿತ್ತ ನೆತ್ತಿಗೇರಿ, ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನ ಗೊತ್ತಾಯಿತು, ಮೊದಲ ದಿನ ಕಿಟಕಿಯ ಪರದೆ ಒಗೆಯಲು ಹೋಗಿತ್ತು, ಅದಿಲ್ಲದೆ ಸದ್ದೇ ಬೇರೆಯಾಗಿತ್ತು.

ಕೊನೆಗೊಂದು ಶನಿವಾರ ಬೆಳಿಗ್ಗೆ ಅಕ್ಕ ಹಾಡನ್ನು ಪೂರ್ತಿ ಕೇಳಿ, “ಈಗ ಹೊಲಿಗೆ ಕಾಣಲ್ಲ” ಎಂದಳು.

“ಕಾಣಲ್ವಾ?”

“ಕಾಣಲ್ಲ.”

ಭಾವ ಅಷ್ಟಕ್ಕೇ ಒಪ್ಪುವ ಪೈಕಿಯೇ? ಪುಟ್ಟಿಯ ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಹಾಡು ಹಚ್ಚಿದರು. ಅವರ ಕಿವಿಗೆ ಅದೂ ಇದೂ ಒಂದೇ. ಅವರು ನೋಡುತ್ತಿದ್ದುದು ಅಕ್ಕನ ಮುಖವನ್ನು. ಆ ಮುಖ ಮೊದಲ ಸಾಲಿಗೇ ಕಳೆಗುಂದಿ, ಕಣ್ಣು ಅತ್ತಿತ್ತ ಹುಡುಕಿತು. “ಅಯ್ಯೋ, ಎಲ್ಲಿ ಹೋದ್ಲು? ಪೂರ್ತಿ ಮಾಯ ಮಾಡಿದ್ರಲ್ರೀ!” ಭಾವನಿಗೆ ಬೇಕಾದದ್ದೂ ಅದೇ. ಎದ್ದುಹೋಗಿ ತಂತಿಗಳನ್ನು ಸರಿಮಾಡಿದರು. ಕ್ಲಿಪ್ಪುಗಳನ್ನು ತೆಗೆದು ಎಲ್ಲವನ್ನೂ ಬೆಸುಗೆ ಹಾಕಿ, ತರಕಾರಿ ಹಲಗೆಯ ಸಮೇತ ಪೆಟ್ಟಿಗೆಯ ಹೊಟ್ಟೆಯೊಳಗೆ ಬಿಗಿದರು. “ಹೋಯ್ತು ಬಿಡು ನನ್ನ ಹಲಗೆ” ಎಂದಳು ಅಕ್ಕ. ಆಮೇಲೆ ಕಿಟಕಿಯ ಮೇಲಿನ ಡಬ್ಬಿ ಬಂತು. ಹನ್ನೆರಡು ಸ್ಕ್ರೂಗಳನ್ನೂ ಭಾವ ಒಂದೊಂದಾಗಿ ತಿರುಗಿಸಿದರು. ನಾನು ಸಹಾಯಕ್ಕೆ ಹೋಗಲಿಲ್ಲ. ಅದು ನನ್ನ ಕೆಲಸವಲ್ಲ.

ಅವತ್ತು ಮಹಡಿಯ ಮೇಷ್ಟ್ರೂ ಇಳಿದುಬಂದು ಕೂತು ಕೇಳಿದರು. ಹಾಲಿನ ನೆನಪು ಅವರಿಗೆ ಬರಲಿಲ್ಲ. ಹಾಡು ಮುಗಿದ ಮೇಲೆ ನಾನು ತಡೆಯಲಾರದೆ ಕೇಳಿದೆ: “ಭಾವ, ನಿಮಗೆ ಎಷ್ಟು ಕೇಳುತ್ತೆ?”

“ಮುಕ್ಕಾಲು ಪಾಲು ಕೇಳುತ್ತೆ” ಎಂದರು. ಅಕ್ಕನ ಕಡೆ ಬೊಟ್ಟು ಮಾಡಿ, “ಉಳಿದದ್ದು ಅಲ್ಲಿ ಕಾಣುತ್ತೆ.”

ಈಗಲೂ ಅವರು ಎಲ್ಲಿಗೆ ಹೋದರೂ ಹೊಸ್ತಿಲಲ್ಲಿ ಚಪ್ಪಾಳೆ ತಟ್ಟುತ್ತಾರೆ. ತಟ್ಟಿ, ಎಡಗಿವಿಯನ್ನು ಮೇಲೆತ್ತುವ ಬದಲು ಪಕ್ಕದಲ್ಲಿರುವ ಅಕ್ಕನತ್ತ ತಿರುಗುತ್ತಾರೆ. ಅವಳು ಒಂದು ಕ್ಷಣ ಆಲಿಸಿ, “ಪರವಾಗಿಲ್ಲ, ಒಂದಿಷ್ಟು ಸುಕ್ಕಿದೆ” ಎಂದೋ ಮತ್ತೇನೋ ತೀರ್ಪು ಕೊಡುತ್ತಾಳೆ. ಪೆಟ್ಟಿಗೆಯ ಜೋಡಿಗೆ ಹಲಗೆ ಕೊಯ್ಯುವುದೂ ಶುರುವಾಗಿದೆ. ಇಂಥವರು ತಮ್ಮ ಸುಖಕ್ಕಾಗಿ ಗೀಳು ಹಚ್ಚಿಕೊಂಡಿದ್ದಾರೆಂದು ನಾವು ಸುಲಭವಾಗಿ ತಿಳಿದುಬಿಡುತ್ತೇವೆ, ಮೂಗು ಮುರಿಯುತ್ತೇವೆ, ಮನೆಯವರನ್ನು ಕಂಡು ಅಯ್ಯೋ ಎನ್ನುತ್ತೇವೆ. ಆದರೆ ಲೋಕದಲ್ಲಿ ಸರಿ ಎನ್ನುವುದೊಂದಿದೆ, ತನ್ನ ಕಿವಿಗೆ ಬೀಳದಿದ್ದರೂ ಅದು ಇದ್ದೇ ಇದೆ ಎಂದು ನಂಬಿ, ತಾನು ಇನ್ನೆಂದೂ ಕೇಳಲಾರದ ಸ್ವರಕ್ಕಾಗಿ ಆರು ವಾರ ನೆಲದ ಮೇಲೆ ಕೂರಬಲ್ಲವರು ಎಷ್ಟು ಮಂದಿ? ಅಂಥವರು ಬೀದಿಗೊಬ್ಬರಾದರೂ ಇರುತ್ತಾರೆ ಎಂಬ ನೆಚ್ಚಿಗೆ ನನ್ನದು. ಅವರನ್ನು ನಂಬಿಯೇ ನಮ್ಮಂಥ ತಗಡಿನ ಕಿವಿಯವರು, ಏನೂ ತಿಳಿಯದೆ, “ಚೆನ್ನಾಗಿದೆ” ಎಂದು ಹೇಳಿ ಎದ್ದುಹೋಗುತ್ತೇವೆ.